ರಾತ್ರಿ ಒಂಬತ್ತೂವರೆಯ ಚಪಲಕ್ಕೆ ಏನು ಮಾಡುತ್ತೀರಿ? (ಮಾಂಸ ಮಾತ್ರ, 9ನೇ ದಿನ)

ಒಂಬತ್ತೂವರೆ:
ಎಲ್ಲರಿಗೂ ನಮಸ್ಕಾರ. ಮಾಂಸ, ಮೊಟ್ಟೆ, ನೀರು ಬಿಟ್ಟು ಬೇರೇನೂ ಮುಟ್ಟದೆ ಇವತ್ತಿಗೆ 9 ದಿನ. ಹಗಲು ಹೇಗೋ ಕಳೆಯುತ್ತದೆ. ಕಷ್ಟ ಶುರುವಾಗುವುದು ರಾತ್ರಿ ಒಂಬತ್ತೂವರೆಗೆ. ಪಾತ್ರೆ ತೊಳೆದಾಗಿರುತ್ತದೆ, ಮಕ್ಕಳು ಮಲಗಿರುತ್ತಾರೆ, ಮನೆಯಲ್ಲಿ ಸದ್ದಿಲ್ಲ. ಆಗ ಕಾಲು ತಾನಾಗಿ ಅಡುಗೆಮನೆಗೆ ಹೋಗುತ್ತದೆ. ಅಲ್ಲಿ ಬಿಸ್ಕತ್ತಿನ ಡಬ್ಬಿ ಇದೆ. ನಿನ್ನೆ ಮುಚ್ಚಳ ತೆಗೆದು ಬರೀ ವಾಸನೆ ನೋಡಿ ಮುಚ್ಚಿಟ್ಟೆ. ಹೇಳಿಕೊಳ್ಳೋಕೆ ನಾಚಿಕೆ. ಆದರೆ ಇಲ್ಲಿ ಹೇಳದೆ ಇನ್ನೆಲ್ಲಿ ಹೇಳಲಿ?

ಹಸಿವಾ ಅಂದರೆ ಅಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿರುತ್ತದೆ. ಹೊಟ್ಟೆ ತುಂಬಿದೆ, ಬಾಯಿ ತುಂಬಿಲ್ಲ, ಅಷ್ಟೇ. ಮೊನ್ನೆ ಕನಸಿನಲ್ಲಿ ಬ್ರೆಡ್ಡು ಬಂದಿತ್ತು. ಬರೀ ಬ್ರೆಡ್ಡು, ಮೇಲೆ ಏನೂ ಹಚ್ಚಿರಲಿಲ್ಲ.

ಬೆಳಗ್ಗೆ 3 ಮೊಟ್ಟೆ. ಮಧ್ಯಾಹ್ನ, ರಾತ್ರಿ ಸೇರಿ ಸುಮಾರು 600 ಗ್ರಾಂ ಕೋಳಿ ಎದೆಮಾಂಸ, ಚರ್ಮ ತೆಗೆದದ್ದು. ಉಪ್ಪು ಒಳ್ಳೆಯದಲ್ಲ ಅಂತ ಕಮ್ಮಿ ಹಾಕುತ್ತೇನೆ. 5ನೇ ದಿನದಿಂದ ತಲೆನೋವು, ಕೂತು ಎದ್ದರೆ ಕಣ್ಣು ಕತ್ತಲೆ. ಶುರು ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿದ್ದೇನೆ. ಒಂದು ತಿಂಗಳು ನೋಡಿ, ಆಮೇಲೆ ಮತ್ತೆ ಪರೀಕ್ಷೆ ಮಾಡೋಣ ಅಂದಿದ್ದಾರೆ ಡಾಕ್ಟರ್.

ಈ ಚಪಲ ಯಾವತ್ತಾದರೂ ಹೋಗುತ್ತಾ? ಅಥವಾ ನನ್ನ ಮನಸ್ಸೇ ಗಟ್ಟಿ ಇಲ್ಲವಾ?

ಮೂಳೆಸಾರು:
ಒಂಬತ್ತೂವರೆ ಅವರೇ, ಮನಸ್ಸಿನ ವಿಷಯ ಆಮೇಲೆ. ಮೊದಲು ಉಪ್ಪಿನ ಡಬ್ಬಿ ಕೆಳಗಿಳಿಸಿ.

ನನಗೆ ಹದಿನಾಲ್ಕು ತಿಂಗಳಾಯಿತು. ಮೊದಲ ಎರಡು ವಾರ ನಿಮ್ಮದೇ ಕಥೆ. ಆಗುವುದು ಇಷ್ಟು. ದೇಹ ಸಕ್ಕರೆಯನ್ನು ಗ್ಲೈಕೋಜನ್ ಅನ್ನುವ ರೂಪದಲ್ಲಿ ಕೂಡಿಡುತ್ತದೆ. ಲಿವರ್‌ನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ ಸುಮಾರು 400 ಗ್ರಾಂ. ಒಂದೊಂದು ಗ್ರಾಂ ಜೊತೆಗೂ ಹೆಚ್ಚುಕಮ್ಮಿ 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಈ ದಾಸ್ತಾನು ಕರಗುತ್ತಾ ಹೋದ ಹಾಗೆ ಆ ನೀರೂ ಹೊರಗೆ. ಮೊದಲ ವಾರ ತಕ್ಕಡಿ ಮುಳ್ಳು ಸರ್‍ರನೆ ಇಳಿದು ನಾವು ಕುಣಿದಾಡುತ್ತೇವಲ್ಲ, ಅದರಲ್ಲಿ ಬಹುಪಾಲು ಈ ನೀರು. ಇದರ ಜೊತೆಗೆ ಇನ್ಸುಲಿನ್ ಇಳಿದಾಗ ಕಿಡ್ನಿಗಳು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವುದು ಕಮ್ಮಿ. ಮೂತ್ರದಲ್ಲಿ ಹರಿದು ಹೋಗುತ್ತದೆ. ತಲೆನೋವು, ಎದ್ದರೆ ಕಣ್ಣು ಕತ್ತಲೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಎಲ್ಲ ಅದರದೇ ಸಂತಾನ.

ನನ್ನ ಅನುಭವದಲ್ಲಿ, ಉಪ್ಪು ಕಮ್ಮಿಯಾದಾಗ ದೇಹ "ಉಪ್ಪು ಕೊಡು" ಅಂತ ಸ್ಪಷ್ಟವಾಗಿ ಕೇಳುವುದಿಲ್ಲ. ಸುಮ್ನೆ "ಏನೋ ಬೇಕು, ಏನೋ ಬೇಕು" ಅನ್ನಿಸುತ್ತದೆ. ನಾವು ನಮಗೆ ಅಭ್ಯಾಸ ಇರುವ ಬಿಸ್ಕತ್ತೇ ಬೇಕು ಅಂದುಕೊಳ್ಳುತ್ತೇವೆ. ನಾನು ಸಂಜೆ ಏಳಕ್ಕೆ ಮೂಳೆ ಬೇಯಿಸಿದ ಸಾರು ಒಂದು ದೊಡ್ಡ ಲೋಟ, ಉಪ್ಪು ಹಾಕಿ ಕುಡಿಯೋಕೆ ಶುರು ಮಾಡಿದೆ. ಚಪಲದಲ್ಲಿ ಅರ್ಧ ಅಲ್ಲೇ ಹೋಯಿತು. (ಹೆಸರೂ ಅಲ್ಲಿಂದಲೇ ಬಂದದ್ದು.)

ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರು ಮಾತ್ರ ಇದನ್ನು ಓದಿಕೊಂಡು ಉಪ್ಪು ಸುರಿದುಕೊಳ್ಳಬೇಡಿ, ದಯವಿಟ್ಟು.

ಎರಡನೇಸಲ:
ಉಪ್ಪು ಸರಿ. ಆದರೆ ಅವರ ತಟ್ಟೆ ಯಾರೂ ನೋಡಲಿಲ್ಲವಲ್ಲ! ಚರ್ಮ ತೆಗೆದ ಎದೆಮಾಂಸವಂತೆ!

ಲೆಕ್ಕ ಹಾಕೋಣ. ಚರ್ಮ ಇಲ್ಲದ ಎದೆಮಾಂಸ ಬೇಯಿಸಿದ ಮೇಲೆ 100 ಗ್ರಾಂಗೆ ಸುಮಾರು 165 ಕ್ಯಾಲೊರಿ. 600 ಗ್ರಾಂಗೆ ಸಾವಿರದ ಹತ್ತಿರ. ಮೂರು ಮೊಟ್ಟೆಗೆ ಇನ್ನೂರು ಚಿಲ್ಲರೆ. ಒಟ್ಟು 1200. ಅಂದರೆ ನೀವು ಹೊಟ್ಟೆ ತುಂಬಿಸಿಕೊಂಡೇ ಉಪವಾಸ ಮಾಡುತ್ತಿದ್ದೀರಿ ಸ್ವಾಮಿ. ಅದರಲ್ಲೂ ಮೂರರಲ್ಲಿ ಎರಡು ಪಾಲು ಕ್ಯಾಲೊರಿ ಪ್ರೋಟೀನಿನಿಂದ. ನಿಮಗೆ ಕೊಬ್ಬು ಕಮ್ಮಿಯಾಗಿದೆ.

ಇದು ಇವತ್ತಿನ ವಿಷಯ ಅಲ್ಲ. ವಿಲ್ಯಾಲ್ಮರ್ ಸ್ಟೆಫಾನ್ಸನ್ ಅಂತ ಒಬ್ಬರಿದ್ದರು. ಉತ್ತರ ಧ್ರುವದ ಕಡೆ ಇನ್ಯುಯಿಟ್ ಜನರ ಜೊತೆ ವರ್ಷಗಟ್ಟಲೆ ಇದ್ದು ಬಂದವರು. 1928ರಲ್ಲಿ ಅವರು ಮತ್ತು ಕಾರ್ಸ್ಟನ್ ಆಂಡರ್ಸನ್ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರ ಕಣ್ಗಾವಲಿನಲ್ಲಿ ಒಂದು ವರ್ಷ ಮಾಂಸ ಮಾತ್ರ ತಿಂದರು. ಶುರುವಿನಲ್ಲಿ ಸ್ಟೆಫಾನ್ಸನ್‌ಗೆ ಬೇಕಂತಲೇ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟು ನೋಡಿದರು. ಕೆಲವೇ ದಿನಕ್ಕೆ ವಾಕರಿಕೆ, ಭೇದಿ. ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ಆ ವರ್ಷ ಅವರ ಕ್ಯಾಲೊರಿಯಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕೊಬ್ಬಿನಿಂದಲೇ ಬರುತ್ತಿತ್ತು. ಬರೀ ಬಡಕಲು ಮಾಂಸ ತಿಂದು ಸೊರಗುವುದಕ್ಕೆ ಆ ಕಡೆ "ಮೊಲದ ಉಪವಾಸ" ಅನ್ನುವ ಅರ್ಥದ ಹೆಸರೇ ಇದೆ. ಮೊಲದಲ್ಲಿ ಕೊಬ್ಬು ತೀರಾ ಕಮ್ಮಿ, ಎಷ್ಟು ತಿಂದರೂ ಹಸಿವು ಹೋಗದು.

ಮೊದಲ ಸಲ ನಾನೂ ಇದೇ ತಪ್ಪು ಮಾಡಿ 12ನೇ ದಿನಕ್ಕೆ ಬಿಟ್ಟಿದ್ದೆ. ಎರಡು ಹೊಸ ಹುಚ್ಚು ಒಟ್ಟಿಗೆ ಹಿಡಿಸಿಕೊಂಡಿದ್ದೆ: ಅನ್ನ, ಬ್ರೆಡ್ಡೂ ಬೇಡ, ಕೊಬ್ಬೂ ಬೇಡ. ಮತ್ತೆ ತಿನ್ನೋದಾದರೂ ಏನನ್ನ?

ಒಂಬತ್ತೂವರೆ:
ನನಗೆ ಕೊಬ್ಬು ಕಮ್ಮಿ ಅಂತ ಹುಟ್ಟಿದಾಗಿನಿಂದ ಯಾರೂ ಹೇಳಿರಲಿಲ್ಲ. ಹೆಂಡತಿಗೆ ಓದಿ ಹೇಳಿದೆ, ಒಪ್ಪಲಿಲ್ಲ.

ಇವತ್ತು ಚರ್ಮ ಸಮೇತ ತೊಡೆ ಮಾಂಸ ತಂದಿದ್ದೇನೆ. ನಾಳೆ ನೆಣ ಇರುವ ಕುರಿ ಮಾಂಸ. ಒಂದೇ ಸಲ ಜಾಸ್ತಿ ಮಾಡಿದರೆ ಹೊಟ್ಟೆ ಕೆಡುತ್ತಾ?

ಎರಡನೇಸಲ:
ಕೆಡಬಹುದು. ನಾಲ್ಕೈದು ದಿನದಲ್ಲಿ ನಿಧಾನಕ್ಕೆ ಏರಿಸಿ. ಕರಗಿದ ಕೊಬ್ಬನ್ನು ಸೂಪಿನ ಹಾಗೆ ಕುಡಿದರೆ ನನಗಂತೂ ಓಟವೇ ಓಟ. ಮಾಂಸದಲ್ಲೇ ಇರುವ ನೆಣ ಅಷ್ಟು ತೊಂದರೆ ಕೊಡಲಿಲ್ಲ.

ಅನುಮಾನಿ:
ನಾನು ಈ ಪಥ್ಯ ಮಾಡುವವನಲ್ಲ, ಮಾಡಿ ಅಂತಲೂ ಹೇಳುವುದಿಲ್ಲ. ಆದರೆ ಚಪಲದ ವಿಷಯಕ್ಕೆ ಒಂದು ಮಾತು. ಇಲ್ಲಿ ತುಂಬ ಜನ "ಸಕ್ಕರೆ ಒಂದು ಚಟ, ಬಿಟ್ಟರೆ ಹಪಹಪಿ ಸಹಜ" ಅಂತ ಬರೆಯುತ್ತಾರೆ. ಸುಲಭದ ಮಾತು ಅದು.

1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ 36 ಜನ ಆರೋಗ್ಯವಂತ ಗಂಡಸರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟರು. ಅವರಿಗೆ ಊಟದ್ದೇ ಜಪ. ಅಡುಗೆ ಪುಸ್ತಕ ಓದೋಕೆ ಶುರು ಮಾಡಿದರು, ರೆಸಿಪಿ ಕೂಡಿಟ್ಟರು, ಕನಸಿನಲ್ಲೂ ಊಟ. ಅವರ ತಟ್ಟೆಯಲ್ಲಿ ಇದ್ದದ್ದು ಏನು ಗೊತ್ತಾ? ಬಹುಪಾಲು ಬ್ರೆಡ್ಡು, ಆಲೂಗಡ್ಡೆ, ಕೋಸು, ಗೆಡ್ಡೆ. ಅಂದರೆ ಬ್ರೆಡ್ಡು ತಿನ್ನುತ್ತಿದ್ದವರಿಗೂ ಹಪಹಪಿ ಇತ್ತು. ಕಮ್ಮಿ ತಿಂದರೆ ಮನಸ್ಸು ಊಟದ ಸುತ್ತ ಗಿರಕಿ ಹೊಡೆಯುತ್ತದೆ, ತಟ್ಟೆಯಲ್ಲಿ ಏನೇ ಇರಲಿ. ಒಂಬತ್ತೂವರೆ ಅವರ ಬ್ರೆಡ್ಡಿನ ಕನಸಿಗೆ 1200 ಕ್ಯಾಲೊರಿಯೇ ಸಾಕಷ್ಟು ಕಾರಣ. "ಚಟ ಬಿಡಿಸುತ್ತಿದ್ದೇನೆ" ಅಂತ ಅದನ್ನು ವೀರಗಾಥೆ ಮಾಡಬೇಕಿಲ್ಲ.

ಮೂಳೆಸಾರು:
ಅನುಮಾನಿ ಅವರೇ, ಮೊದಲ ಸಲ ನಿಮ್ಮ ಜೊತೆ ಒಪ್ಪುತ್ತಿದ್ದೇನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ.

ಗರಿಗರಿ:
ನನ್ನ ಅನುಭವ ಬೇರೆ. ಹೊಟ್ಟೆಗೂ ಸರಿಯಾಗಿತ್ತು, ಉಪ್ಪೂ ಸರಿಯಾಗಿತ್ತು, ಆದರೂ ಚಿಪ್ಸ್ ಪ್ಯಾಕೆಟ್ ಕಂಡರೆ ಕೈ ನಡುಗುತ್ತಿತ್ತು. ತುಂಬ ದಿನ ಆದ ಮೇಲೆ ಹೊಳೆಯಿತು, ನನಗೆ ಬೇಕಾದದ್ದು ಆಲೂಗಡ್ಡೆ ಅಲ್ಲ, ಆ ಶಬ್ದ! ಕರುಂ ಕುರುಂ. ಹಲ್ಲಿಗೆ ಕೆಲಸ ಬೇಕಿತ್ತು. ದಿನವಿಡೀ ಬೇಯಿಸಿದ ಮೆತ್ತಗಿನ ಮಾಂಸ ತಿಂದು ತಿಂದು ಬಾಯಿಗೆ ಬೇಜಾರು ಬಂದಿತ್ತು.

ಇದಕ್ಕೆ ಒಂದು ಕಾರಣ ಇದೆ. ಒಂದೇ ರುಚಿ ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ಮಾತ್ರ ಇಳಿಯುತ್ತದೆ, ಬೇರೆ ರುಚಿಯ ಆಸೆ ಹಾಗೇ ಇರುತ್ತದೆ. ಊಟ ಕತ್ತಿನವರೆಗೆ ಆಗಿದ್ದರೂ ಐಸ್‌ಕ್ರೀಮ್ ಬಂದರೆ ಜಾಗ ಆಗುತ್ತದಲ್ಲ, ಅದೇ. ಬರೀ ಮಾಂಸದಲ್ಲಿ ರುಚಿ ಬದಲಾಯಿಸೋಕೆ ಆಗದಿದ್ದರೂ ಹದ ಬದಲಾಯಿಸಬಹುದು. ಕೋಳಿ ಚರ್ಮವನ್ನು ಬಾಣಲೆಯಲ್ಲಿ ಹರಡಿ, ಮೇಲೆ ಒಂದು ಭಾರದ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ ಬಿಡಿ. ಅದರದೇ ಎಣ್ಣೆಯಲ್ಲಿ ಗರಿಗರಿ ಆಗುತ್ತದೆ. ಮೇಲೆ ಉಪ್ಪು. ಒಂದು ದಿನ ಕೊಚ್ಚಿದ ಮಾಂಸ, ಒಂದು ದಿನ ಮೀನು, ಒಂದು ದಿನ ಬಾಣಲೆಯಲ್ಲಿ ಅಂಚು ಕೆಂಪಗೆ ಸುಟ್ಟದ್ದು. ತಣ್ಣಗಿನದು, ಬಿಸಿಯದು. ಇಷ್ಟಕ್ಕೇ ಬಾಯಿ ಸುಮ್ಮನಾಯಿತು ನೋಡಿ.

ಗರಿಗರಿ ಅಂತ ದಿನಾ ಬೇಕನ್, ಸಾಸೇಜ್‌ಗೆ ಹೋಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೆಂಪು ಮಾಂಸ ಅದರ ಕೆಳಗಿನ "ತರುವ ಸಾಧ್ಯತೆ ಇದೆ" ಅನ್ನುವ ಗುಂಪಿನಲ್ಲಿದೆ. ನಾವೆಲ್ಲ ಇಲ್ಲಿ ಆ ವಿಷಯ ಬಂದಾಗ ಕೆಮ್ಮಿ ಬೇರೆ ಮಾತು ತೆಗೆಯುತ್ತೇವೆ. ಒಂದು ಸಲವಾದರೂ ಬರೆದಿರಲಿ ಅಂತ ಬರೆದೆ.

ಮಾತ್ರೆಡಬ್ಬಿ:
ಔಷಧದ ಅಂಗಡಿಯಲ್ಲಿ ಕೆಲಸ ಮಾಡುವವಳು ನಾನು. ಚಪಲದ ಬಗ್ಗೆ ಅಲ್ಲ, ಈ ಥ್ರೆಡ್ ಸುಮ್ನೆ ಓದಿ ಹೋಗುವವರಿಗೆ ಎರಡು ಮಾತು.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಳ್ಳುವವರು ಡೋಸ್ ಬದಲಾಯಿಸದೆ ಒಮ್ಮೆಲೇ ಅನ್ನ, ಬ್ರೆಡ್ಡು ಬಿಟ್ಟರೆ ಶುಗರ್ ಪೂರ್ತಿ ಇಳಿದುಹೋಗಬಹುದು. ಕೈ ನಡುಕ, ಬೆವರು, ತಕ್ಷಣ ಸಿಹಿ ಬೇಕು ಅನ್ನುವ ತಳಮಳ. ಅದು ಚಪಲ ಅಲ್ಲ, ಅಪಾಯ. ಆಗ "ತಡೆದುಕೊಳ್ಳುತ್ತೇನೆ" ಅನ್ನಬೇಡಿ, ಸಿಹಿ ತಿನ್ನಿ, ಆಮೇಲೆ ಡಾಕ್ಟರಿಗೆ ಫೋನ್ ಮಾಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೊಂದು ಅಪಾಯ: ಶುಗರ್ ಜಾಸ್ತಿ ಏರದೇ ಇದ್ದರೂ ರಕ್ತದಲ್ಲಿ ಆಮ್ಲ ಏರುವ ಕೀಟೋಆಸಿಡೋಸಿಸ್ ಆಗಬಹುದು. ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರೂ ಕೇಳದೆ ಶುರು ಮಾಡಬೇಡಿ. ಗೌಟ್ (ಯೂರಿಕ್ ಆಸಿಡ್ ಏರಿ ಬರುವ ಕೀಲು ನೋವು) ಇದ್ದವರು, ಬಸುರಿಯರು, ಹಿಂದೆ ಊಟ ಬಿಟ್ಟು ಬಿಟ್ಟು ಕಾಯಿಲೆ ಮಾಡಿಕೊಂಡವರು, ನಿಮಗೆ ಈ ಪ್ರಯೋಗವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೈದರೂ ಪರವಾಗಿಲ್ಲ.

ನೈಟ್‌ಶಿಫ್ಟ್:
ಬಸುರಿಯರಿಗೆ ಬಯಕೆ ಬಂದರೆ ಊರೆಲ್ಲ ಸುತ್ತಿ ತಂದುಕೊಡುತ್ತಾರೆ. ನಮಗೆ ಬಂದರೆ "ಸಾರು ಕುಡಿ" ಅಂತಾರೆ. ಎಂಥಾ ಅನ್ಯಾಯ!

ತಮಾಷೆಗೆ ಹೇಳಿದೆ. ನನ್ನದು ಪಾಳಿ ಕೆಲಸ. ರಾತ್ರಿ ಪಾಳಿ ಮುಗಿಸಿದ ಮಾರನೇ ದಿನ ಚಪಲ ಎರಡು ಪಟ್ಟು. ನಿದ್ದೆ ಕೆಟ್ಟರೆ ಹಸಿವು ಏರಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ ಅಂತಾರೆ. ನನಗೆ ಹಾರ್ಮೋನು ಕಾಣಿಸುವುದಿಲ್ಲ, ಫ್ರಿಜ್ ಬಾಗಿಲು ಎಷ್ಟು ಸಲ ತೆಗೆದೆ ಅನ್ನುವುದು ಕಾಣಿಸುತ್ತದೆ. ಅಂಥ ದಿನ ತಡೆದುಕೊಳ್ಳುವ ಪ್ರಯತ್ನವನ್ನೇ ಮಾಡುವುದಿಲ್ಲ. ಎರಡು ಮೊಟ್ಟೆ ತಿಂದು ಮಲಗಿಬಿಡುತ್ತೇನೆ.

ಇನ್ನೊಂದು. ಈ ಗ್ರೆಲಿನ್ ದಿನಾ ಊಟ ಮಾಡುವ ಹೊತ್ತಿಗೆ ಸರಿಯಾಗಿ ಏರುತ್ತದೆ. ದಿನಾ ಒಂಬತ್ತೂವರೆಗೆ ಬಿಸ್ಕತ್ತು ತಿಂದವರಿಗೆ ಒಂಬತ್ತೂವರೆಗೇ ಗಂಟೆ ಬಾರಿಸುತ್ತದೆ. ನೀವು ಹೆಸರನ್ನೂ ಅದನ್ನೇ ಇಟ್ಟುಕೊಂಡಿದ್ದೀರಲ್ಲ!

ಒಂಬತ್ತೂವರೆ (16ನೇ ದಿನ):
ಕೆಟ್ಟ ಸುದ್ದಿ. ತಲೆನೋವು ಹೋಗಿತ್ತು, ಕಣ್ಣು ಕತ್ತಲೆಯೂ ಹೋಗಿತ್ತು. ಐದು ದಿನ ಚೆನ್ನಾಗಿ ನಡೆಯಿತು. ನಿನ್ನೆ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬ. "ಒಂದು ತುಂಡು ತಗೊಳ್ಳಿ ಸರ್" ಅಂದರು. ತಗೊಂಡೆ. ಎರಡನೆಯದನ್ನು ಯಾರೂ ತಗೊಳ್ಳಿ ಅನ್ನಲಿಲ್ಲ, ನಾನೇ ತಗೊಂಡೆ. ಮನೆಗೆ ಬಂದು "ಹೇಗೂ ಹಾಳಾಯಿತು" ಅಂತ ಬಿಸ್ಕತ್ತು, ಬ್ರೆಡ್ಡು, ಮಕ್ಕಳ ಚಾಕೊಲೇಟ್. ಇವತ್ತು ಬೆಳಗ್ಗೆ ತೂಕ ಒಂದೂವರೆ ಕೆಜಿ ಜಾಸ್ತಿ. ಹದಿನೈದು ದಿನದ ಕೆಲಸ ಒಂದೇ ರಾತ್ರಿಗೆ ನೀರುಪಾಲು.

ಮೂಳೆಸಾರು:
ನೀರುಪಾಲು ಅಲ್ಲ, ನೀರೇ ವಾಪಸ್ ಬಂದದ್ದು. ಮೇಲೆ ಬರೆದಿದ್ದೆನಲ್ಲ, ಗ್ಲೈಕೋಜನ್ ಮತ್ತು ಅದಕ್ಕೆ ಅಂಟಿದ ನೀರು. ಒಂದೂವರೆ ಕೆಜಿ ಕೊಬ್ಬು ಒಂದು ರಾತ್ರಿಯಲ್ಲಿ ಕಟ್ಟಬೇಕಾದರೆ ಹತ್ತು ಸಾವಿರ ಕ್ಯಾಲೊರಿಗಿಂತ ಜಾಸ್ತಿ ಹೆಚ್ಚುವರಿ ತಿನ್ನಬೇಕು. ಅಷ್ಟು ಕೇಕು ಆಫೀಸಿನಲ್ಲಿ ಇರಲಿಲ್ಲ ಅಂದುಕೊಂಡಿದ್ದೇನೆ.

ಆದರೆ ಇನ್ನು ಮುಂದೆ ಅಂಥ ಕೇಕನ್ನು ಕಣ್ಣೆತ್ತಿಯೂ ನೋಡಬೇಡಿ. ನನ್ನಂಥವರಿಗೆ ಪೂರ್ತಿ ಬಿಡುವುದು ಸುಲಭ, ಸ್ವಲ್ಪ ತಿನ್ನುವುದು ಕಷ್ಟ.

ಭಾನುವಾರ:
ಮೂಳೆಸಾರು ಅವರ ಈ ಕಡೇ ಮಾತು ನಾನು ಒಪ್ಪುವುದಿಲ್ಲ. ಎರಡು ವಾರಕ್ಕೊಂದು ಸಲ ಮನೆಯವರ ಜೊತೆ ಕೂತು ಅವರು ತಿನ್ನುವುದನ್ನೇ ತಿನ್ನುತ್ತೇನೆ. ಮೊದಲೇ ತೀರ್ಮಾನ ಮಾಡಿ, ತಟ್ಟೆಗೆ ಹಾಕಿಕೊಂಡು, ಕೂತು. ಮಾರನೇ ದಿನ ಸ್ವಲ್ಪ ಚಪಲ ಇರುತ್ತದೆ, ಮೂರನೇ ದಿನಕ್ಕೆ ಇಲ್ಲ. ಹೀಗೆ ಒಂದು ವರ್ಷ ದಾಟಿದ್ದೇನೆ. "ಯಾವತ್ತೂ ಇಲ್ಲ" ಅಂದಿದ್ದರೆ ಒಂದು ತಿಂಗಳೂ ದಾಟುತ್ತಿರಲಿಲ್ಲ.

ಮೂಳೆಸಾರು:
ನಿಮಗೆ ಆಗುತ್ತದೆ. ನನಗೆ ಒಂದು ತುತ್ತು ಅಂದರೆ ಇಡೀ ವಾರ. ಹತ್ತು ಸಲ ಪರೀಕ್ಷೆ ಮಾಡಿ ಹತ್ತೂ ಸಲ ಫೇಲಾಗಿದ್ದೇನೆ.

ಅನುಮಾನಿ:
ಇಬ್ಬರೂ ನಿಮ್ಮ ನಿಮ್ಮ ನಾಲಿಗೆಯ ಬಗ್ಗೆ ಸರಿಯಾಗಿ ಹೇಳುತ್ತಿದ್ದೀರಿ. ಒಂಬತ್ತೂವರೆ ಅವರ ನಾಲಿಗೆ ಯಾವುದು ಅಂತ ಅವರೇ ನೋಡಿಕೊಳ್ಳಬೇಕು.

ನನಗೆ ಅವರ ಬರಹದಲ್ಲಿ ಕಣ್ಣಿಗೆ ಬಿದ್ದದ್ದು ಕೇಕು ಅಲ್ಲ. "ಹೇಗೂ ಹಾಳಾಯಿತು" ಅನ್ನುವ ಮಾತು. ಎರಡು ತುಂಡು ಕೇಕಿನಿಂದ ಏನೂ ಆಗುತ್ತಿರಲಿಲ್ಲ. ಆ ಒಂದು ಮಾತಿನಿಂದ ಬಿಸ್ಕತ್ತು, ಬ್ರೆಡ್ಡು, ಮಕ್ಕಳ ಚಾಕೊಲೇಟ್ ಎಲ್ಲ ಹೋಯಿತು. ಕುಡಿತ ಬಿಡುವವರ ಜೊತೆ ಕೆಲಸ ಮಾಡಿದ ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞ ಇದನ್ನೇ ಹೇಳುತ್ತಿದ್ದರು: ಒಮ್ಮೆ ಜಾರುವುದು ಬೇರೆ, ಜಾರಿದೆ ಅಂತ ಬೈದುಕೊಂಡು ಪೂರ್ತಿ ಬೀಳುವುದು ಬೇರೆ. ಅವರದೇ ಇನ್ನೊಂದು ಉಪಾಯ, ಚಪಲವನ್ನು ಸಮುದ್ರದ ಅಲೆಯ ಹಾಗೆ ನೋಡುವುದು. ಎದುರು ನಿಂತು ತಳ್ಳಬೇಡಿ, ಅದರ ಮೇಲೆ ತೇಲಿ. ಏರುತ್ತದೆ, ನೆತ್ತಿ ಮುಟ್ಟುತ್ತದೆ, ತಾನೇ ಇಳಿಯುತ್ತದೆ. ಗಡಿಯಾರ ಹಿಡಿದು ನೋಡಿ. ಸಿಗರೇಟ್ ಬಿಟ್ಟಾಗ ನನಗೆ ಹದಿನೈದು ನಿಮಿಷ ದಾಟಿದ್ದು ಅಪರೂಪ.

ಇಳಿಯುವವರೆಗೆ ಕಣ್ಣಿಗೂ ಕೆಲಸ ಕೊಡಿ. ಚಪಲ ಅಂದರೆ ಬಹುಪಾಲು ತಲೆಯೊಳಗಿನ ಚಿತ್ರ. ಪ್ಲಿಮತ್ ವಿಶ್ವವಿದ್ಯಾಲಯದವರು ಜನರಿಗೆ ಮೂರು ನಿಮಿಷ ಟೆಟ್ರಿಸ್ (ಮೇಲಿಂದ ಬೀಳುವ ಇಟ್ಟಿಗೆ ಜೋಡಿಸುವ ವಿಡಿಯೋ ಗೇಮ್) ಆಡಿಸಿ ನೋಡಿದರು, ಚಪಲದ ಜೋರು ಇಳಿಯಿತು. ಬಿಸ್ಕತ್ತಿನ ಚಿತ್ರ ಬರೆಯುವ ಜಾಗದಲ್ಲಿ ಇಟ್ಟಿಗೆ ಬೀಳುತ್ತಿದ್ದರೆ ಬಿಸ್ಕತ್ತಿಗೆ ಜಾಗ ಎಲ್ಲಿ?

ಬಿಟ್ಟವಳು:
ನಾನು ಮೂರು ತಿಂಗಳು ಮಾಡಿ ಬಿಟ್ಟೆ. ಚಪಲಕ್ಕೆ ಸೋತು ಅಲ್ಲ. ಮೂರನೇ ತಿಂಗಳು ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟರಾಲ್ ಅನ್ನುವ ಎಲ್‌ಡಿಎಲ್ ತುಂಬ ಏರಿತ್ತು, ನಮ್ಮ ಮನೆಯಲ್ಲಿ ಹೃದಯದ ಕಾಯಿಲೆ ಇದೆ. ಇಲ್ಲಿ ಕೆಲವರು "ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ" ಅಂದರು. ನಾನು ಕೆಡಿಸಿಕೊಂಡೆ. ಈಗ ಮಾಂಸದ ಜೊತೆ ತರಕಾರಿ, ಕಾಳು, ಹಣ್ಣು ತಿನ್ನುತ್ತೇನೆ, ಎಲ್‌ಡಿಎಲ್ ಇಳಿದಿದೆ.

ಬರೆದದ್ದು ಯಾಕೆಂದರೆ, ಆ ಮೂರು ತಿಂಗಳಲ್ಲಿ ಕಲಿತ ಒಂದು ವಿಷಯ ಇನ್ನೂ ಉಳಿದಿದೆ. ಆರನೇ ವಾರದ ಹೊತ್ತಿಗೆ ಬರೀ ಹಾಲೇ ಸಿಹಿ ಅನ್ನಿಸಿತ್ತು. 100 ಮಿಲಿ ಹಾಲಿನಲ್ಲಿ ಸುಮಾರು 5 ಗ್ರಾಂ ಸಕ್ಕರೆ ಇರುತ್ತದೆ, ಮೊದಲು ನನಗೆ ಗೊತ್ತೇ ಆಗುತ್ತಿರಲಿಲ್ಲ. ಇವತ್ತಿಗೂ ಕಾಫಿಗೆ ಸಕ್ಕರೆ ಹಾಕುವುದಿಲ್ಲ. ಆ ಆರು ವಾರ ಸಕ್ಕರೆ ಬದಲಿಗೆ ಬರುವ ಸಿಹಿ ಗುಳಿಗೆಯನ್ನೂ ಬಿಟ್ಟಿದ್ದೆ. ಅದನ್ನು ಹಾಕಿಕೊಳ್ಳುತ್ತಿದ್ದಷ್ಟು ದಿನ ನಾಲಿಗೆ ಕಾಯುತ್ತಲೇ ಇತ್ತು.

ಗರಿಗರಿ:
ಹೌದು, ಆ ಗುಳಿಗೆ ನನಗೂ ಹಾಗೇ. ಅಕ್ಕ, ಹೋದ ಮೇಲೂ ಬಂದು ಬರೆದಿರಲ್ಲ, ಖುಷಿ ಆಯಿತು.

ಒಂಬತ್ತೂವರೆ (31ನೇ ದಿನ):
ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಅನುಮಾನಿ ಅವರು ಹೇಳಿದ ಹಾಗೆ ಗಡಿಯಾರ ಹಿಡಿದು ಕೂತೆ. ಮೊದಲ ರಾತ್ರಿ 22 ನಿಮಿಷ. ಆಮೇಲೆ 14. ಒಂದು ದಿನ 40 ಆಯಿತು. ಅವತ್ತು ಮಧ್ಯಾಹ್ನ ಕೆಲಸದ ಗಡಿಬಿಡಿಯಲ್ಲಿ ಊಟ ಬಿಟ್ಟಿದ್ದೆ, ಅದು ಚಪಲ ಅಲ್ಲ, ಹಸಿವು. ಎದ್ದು ಊಟ ಮಾಡಿದೆ, ಸರಿಹೋಯಿತು.

ಹೀಗೆ ಕೂತಾಗ ಇನ್ನೊಂದು ಗೊತ್ತಾಯಿತು. ಒಂಬತ್ತೂವರೆ ಅನ್ನುವುದು ಇಡೀ ದಿನದಲ್ಲಿ ಯಾರೂ ನನ್ನನ್ನು ಏನೂ ಕೇಳದ ಮೊದಲ ಗಳಿಗೆ. ಇಷ್ಟು ವರ್ಷ ಆ ಗಳಿಗೆಗೆ ಬಿಸ್ಕತ್ತು ಜೊತೆಗಿತ್ತು. ಈಗ ಗರಿಗರಿ ಅವರ ಕೋಳಿ ಚರ್ಮ ಎರಡು ತುಂಡು, ಇಲ್ಲದಿದ್ದರೆ ಬಿಸಿ ಸಾರು, ಹೊರಗೆ ಮೆಟ್ಟಿಲ ಮೇಲೆ ಕೂತು. ಹೆಂಡತಿಯೂ ಬಂದು ಕೂರುತ್ತಾಳೆ. ಅವಳು ಬಿಸ್ಕತ್ತು ತಿನ್ನುತ್ತಾಳೆ, ನಾನು ನೋಡುತ್ತೇನೆ. ಕೆಲವು ದಿನ ಹೊಟ್ಟೆ ಉರಿಯುತ್ತದೆ, ಸುಳ್ಳು ಹೇಳುವುದಿಲ್ಲ.

ಅಂದ ಹಾಗೆ ಹೋದ ವಾರ ಅವಳು ತವರಿಗೆ ಹೋಗಿದ್ದಳು. ನಾಲ್ಕು ದಿನ ಆದ ಮೇಲೆ ಅಡುಗೆಮನೆ ಕಟ್ಟೆ ಮೇಲೆ ಉದ್ದಕ್ಕೆ ಇರುವೆ ಸಾಲು. ಹಿಂದೆಯೇ ಹೋದರೆ ಬಿಸ್ಕತ್ತಿನ ಡಬ್ಬಿ. ಈ ಮನೆಯಲ್ಲಿ ಬಿಸ್ಕತ್ತಿಗೆ ಇರುವೆ ಹತ್ತಿದ್ದು ಇದೇ ಮೊದಲು. ಅವುಗಳಿಗೆ ಯಾವತ್ತೂ ಉಳಿದೇ ಇರಲಿಲ್ಲ.

ನಾಳೆ ಬೆಳಗ್ಗೆ ರಕ್ತ ಪರೀಕ್ಷೆ. ಎಲ್‌ಡಿಎಲ್ ನೋಡಿಕೊಂಡು ಮುಂದಿನ ತೀರ್ಮಾನ.

ನೈಟ್‌ಶಿಫ್ಟ್:
ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯಿರಿ. ಡಬ್ಬಿಯ ಮುಚ್ಚಳ ಸಡಿಲ ಇದೆ, ಅದನ್ನೂ ಸರಿ ಮಾಡಿಸಿ.